ಮಲ್ಟಿಕೋರ್ ಕಲಿಯಲು ಪುಸ್ತಕ, ವಿಡಿಯೋ, ಜೆಮ್5, ಇಲ್ಲಾ ಕೈಯಲ್ಲಿರುವ ಲ್ಯಾಪ್‌ಟಾಪ್?

ನನ್ನ ತಲೆ ಕೆಡಿಸಿದ್ದು ಒಂದೇ ಪ್ರಶ್ನೆ. ನಾಲ್ಕು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ನಾಲ್ಕು ಕೆಲಸ. ಪ್ರತಿಯೊಂದಕ್ಕೂ ಅದರದೇ ಒಂದು ಕೌಂಟರ್, ಒಂದರದನ್ನು ಇನ್ನೊಂದು ಮುಟ್ಟುವುದೇ ಇಲ್ಲ. ಆದರೂ ಅಷ್ಟೇ ಕೆಲಸವನ್ನು ಪ್ರೊಸೆಸರ್‌ನ ನಾಲ್ಕು ಕೋರ್‌ಗೆ ಹಂಚಿದರೆ ಒಂದೇ ಕೋರ್‌ನಲ್ಲಿ ಓಡಿಸಿದ್ದಕ್ಕಿಂತ ನಿಧಾನ! ಕೂಲಿಗೆ ನಾಲ್ಕು ಜನ ಕರೆದರೆ ಕೆಲಸ ತಡವಾದ ಹಾಗೆ. ಇದಕ್ಕೆ ಉತ್ತರ ಹುಡುಕುತ್ತಾ, ರಾತ್ರಿ ಊಟ ಆದಮೇಲೆ ಕೂತು, ನಾಲ್ಕು ದಾರಿ ನೋಡಿದೆ.

ಮೊದಲು ಪುಸ್ತಕ. ಹೆನೆಸಿ ಮತ್ತು ಪ್ಯಾಟರ್ಸನ್ ಬರೆದ 'ಕಂಪ್ಯೂಟರ್ ಆರ್ಕಿಟೆಕ್ಚರ್: ಎ ಕ್ವಾಂಟಿಟೇಟಿವ್ ಅಪ್ರೋಚ್', 1990ರಿಂದ ಆವೃತ್ತಿಗಳು ಬರುತ್ತಲೇ ಇವೆ, ಇಬ್ಬರಿಗೂ 2017ರ ಟ್ಯೂರಿಂಗ್ ಪ್ರಶಸ್ತಿ ಬಂದಿದೆ. ಉತ್ತರ ಅದರ ಐದನೇ ಅಧ್ಯಾಯದಲ್ಲೇ ಇತ್ತು: ಫಾಲ್ಸ್ ಶೇರಿಂಗ್. ಕೋರ್ ಪಕ್ಕದ ಪುಟ್ಟ ಮೆಮೊರಿಯಾದ ಕ್ಯಾಶ್ ಡೇಟಾವನ್ನು 'ಲೈನ್' ಅನ್ನುವ ತುಂಡುಗಳಲ್ಲಿ ಇಡುತ್ತದೆ, ಬೇರೆ ಬೇರೆ ಕೋರ್‌ಗಳ ಡೇಟಾ ಒಂದೇ ಲೈನ್‌ನಲ್ಲಿ ಕೂತರೆ ಈ ತಂಟೆ. ಓದಿದೆ, ತಲೆಯಾಡಿಸಿದೆ, ಎರಡು ದಿನದಲ್ಲಿ ಮರೆತೆ. ಆದರೆ ಅದರಲ್ಲಿನ ಒಂದು ಲೆಕ್ಕ ಮಾತ್ರ ತಲೆಯಲ್ಲೇ ಉಳಿಯಿತು. 45 ನ್ಯಾನೋಮೀಟರ್ ಚಿಪ್‌ನಲ್ಲಿ 32 ಬಿಟ್‌ನ ಎರಡು ಸಂಖ್ಯೆ ಕೂಡಿಸಲು ಸುಮಾರು 0.1 ಪಿಕೋಜೂಲ್ ಸಾಕು, ಅಷ್ಟೇ ಡೇಟಾವನ್ನು ಮುಖ್ಯ ಮೆಮೊರಿಯಾದ ಡಿರ‍್ಯಾಮ್‌ನಿಂದ ತರಲು 640 ಬೇಕು. ಲೆಕ್ಕ ಮಾಡುವುದು ಅಗ್ಗ, ಸಾಮಾನು ಸಾಗಿಸುವುದೇ ದುಬಾರಿ.

ವಿಡಿಯೋದಲ್ಲಿ ಎರಡು ಬಗೆ ನೋಡಿದೆ. ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯ ಇಟಿಎಚ್ ಜ್ಯೂರಿಕ್‌ನ ಓನೂರ್ ಮುತ್ಲು ಅವರ ಪಾಠಗಳು ಯೂಟ್ಯೂಬ್‌ನಲ್ಲಿ ಪೂರ್ತಿ ಉಚಿತ. ಉದ್ದವೋ ಉದ್ದ. ಆದರೆ 'ಹೀಗಿದೆ' ಅನ್ನುವುದಕ್ಕಿಂತ 'ಯಾಕೆ ಹೀಗಿದೆ' ಅನ್ನುವುದನ್ನು ಅವರು ಬಿಡಿಸಿ ಹೇಳುತ್ತಾರೆ. ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಗುವಾಹಟಿಯ ಮಲ್ಟಿಕೋರ್ ಕೋರ್ಸ್ ಇದೆ, ಅಲ್ಲಿ ವಾರ ವಾರ ಅಸೈನ್‌ಮೆಂಟ್. ನನ್ನಂಥ ಸೋಮಾರಿಗೆ ಆ ಗಡುವೇ ದೊಡ್ಡ ಗುರು. ಎರಡರಲ್ಲೂ ತೊಂದರೆ ಒಂದೇ, ನೋಡುವಾಗ ಎಲ್ಲ ಗೊತ್ತಾದ ಹಾಗೇ ಇರುತ್ತದೆ.

ಜೆಮ್5 ಬೇರೆಯೇ ಕಥೆ. ಮಿಶಿಗನ್‌ನ ಎಂ5, ವಿಸ್ಕಾನ್ಸಿನ್‌ನ ಜೆಮ್ಸ್ ಎರಡೂ ಸೇರಿ 2011ರಲ್ಲಿ ಆದ ಸಿಮ್ಯುಲೇಟರ್ ಇದು, ಕೈಯಲ್ಲಿಲ್ಲದ ಚಿಪ್ಪನ್ನೂ ಸಾಫ್ಟ್‌ವೇರ್‌ನಲ್ಲೇ ಓಡಿಸಿ ನೋಡುವ ಸಾಧನ. 8 ಜಿಬಿ ರ‍್ಯಾಮ್‌ನ ನನ್ನ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಕಂಪೈಲ್ ಮಾಡಲು ಹೋಗಿ, ಲಿಂಕ್ ಮಾಡುವ ಹೊತ್ತಿಗೆ ಮೆಮೊರಿ ಸಾಲದೆ ಎರಡು ಸಲ ಮಕಾಡೆ ಮಲಗಿತು. ಕೊನೆಗೆ ಒಂದು ಸಲಕ್ಕೆ ಒಂದೇ ಕೆಲಸ ಸಾಕು ಅಂತ ಹೇಳಿ ರಾತ್ರಿಯಿಡೀ ಬಿಟ್ಟು ಮಲಗಿದೆ. ಓಡಲು ಶುರುವಾದ ಮೇಲೂ ಅಷ್ಟೇ, ನಿಜವಾದ ಕೋರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಕೆಲಸಕ್ಕೆ ಇಲ್ಲಿ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಆದರೆ ಕ್ಯಾಶ್ ಲೈನ್ 64 ಬೈಟ್ ಬದಲು 32 ಇದ್ದಿದ್ದರೆ, ಕೋರ್ ಹದಿನಾರು ಇದ್ದಿದ್ದರೆ ಅಂತ ಕೇಳಿ ಉತ್ತರ ಪಡೆಯಲು ನನಗೆ ಸಿಕ್ಕ ಜಾಗ ಇದೊಂದೇ. ಕೋರ್‌ಗಳ ಕ್ಯಾಶ್‌ಗಳನ್ನು ಒಂದಕ್ಕೊಂದು ಹೊಂದಿಸಿಡುವ ಮೆಸಿ ಪ್ರೋಟೋಕಾಲ್‌ನಲ್ಲಿ ಒಂದು ಲೈನ್ ಒಂದು ಕೋರ್‌ನಿಂದ ಇನ್ನೊಂದಕ್ಕೆ ಜಿಗಿಯುವುದು ಜೆಮ್5ನ ಮೆಮೊರಿ ಮಾದರಿಯಾದ ರೂಬಿ ಹಾಕಿದರೆ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ಎನರ್ಜಿ ಲೆಕ್ಕಕ್ಕೆ ಮಾತ್ರ ಮ್ಯಾಕ್‌ಪ್ಯಾಟ್‌ನಂಥದ್ದನ್ನು ಜೋಡಿಸಬೇಕು. ಅದು 2009ರ ಮಾದರಿ, ಅಂಕಿಯನ್ನು ಸುಮ್ನೆ ನಂಬಲಾಗದು.

ಕೊನೆಗೆ ಹೋಗಿದ್ದು ಲ್ಯಾಪ್‌ಟಾಪ್ ಹತ್ತಿರ. ಮೊದಲೇ ಹೋಗಬೇಕಿತ್ತು. ಲಿನಕ್ಸ್‌ನ ಪರ್ಫ್ ಅನ್ನುವ ಅಳತೆಯ ಸಾಧನ ಸಾಕು, ಒಂದು ಪೈಸೆ ಖರ್ಚಿಲ್ಲ. ಪ್ರೋಗ್ರಾಂ ಬರೆದು ಓ2 (ಕೋಡನ್ನು ಚುರುಕಾಗಿಸು ಅಂತ ಕಂಪೈಲರ್‌ಗೆ ಹೇಳುವ ಆಯ್ಕೆ) ಹಾಕಿ ಓಡಿಸಿದೆ, ಸಮಸ್ಯೆಯೇ ಮಾಯ! ಕಂಪೈಲರ್ ಇಡೀ ಲೂಪನ್ನು ಒಂದೇ ಕೂಡುವಿಕೆಗೆ ಇಳಿಸಿಬಿಟ್ಟಿತ್ತು. ಕೌಂಟರ್‌ಗೆ ವೊಲಟೈಲ್ ಅಂತ, ಅಂದರೆ ಪ್ರತಿ ಸಲವೂ ಮೆಮೊರಿಗೆ ಬರೆಯಲೇಬೇಕು ಅಂತ, ಸೇರಿಸಿದ ಮೇಲೆ ನಿಜಬಣ್ಣ ಬಯಲಾಯಿತು. ನಾಲ್ಕು ಕೌಂಟರ್, ತಲಾ 8 ಬೈಟ್, ಎಲ್ಲವೂ ಒಂದೇ 64 ಬೈಟ್ ಲೈನ್‌ನಲ್ಲಿ ಕೂತಿವೆ. ಯಾರು ಬರೆದರೂ ಉಳಿದ ಮೂವರ ಕ್ಯಾಶ್‌ನಲ್ಲಿರುವ ಪ್ರತಿ ರದ್ದು, ಮತ್ತೆ ತರಿಸಿಕೊಳ್ಳಬೇಕು. ಪರ್ಫ್‌ನದೇ ಸಿ2ಸಿ ಆಜ್ಞೆ ಆ ಲೈನನ್ನು ಬೆರಳಿಟ್ಟು ತೋರಿಸಿತು. ಪ್ರತಿ ಕೌಂಟರನ್ನೂ 64 ಬೈಟ್ ಗಡಿಗೆ ಸರಿಸಿ ಅದರದೇ ಲೈನ್ ಕೊಟ್ಟೆ, ಅಷ್ಟೇ, ಓಟ ಸರಿಹೋಯಿತು. ಐದನೇ ಅಧ್ಯಾಯ ಅರ್ಥವಾದದ್ದು ಆವತ್ತು.

ಇನ್ನೂ ಖುಷಿಯಾದದ್ದು ಎನರ್ಜಿಯ ವಿಷಯದಲ್ಲಿ. ಇಂಟೆಲ್ ಚಿಪ್‌ಗಳಲ್ಲಿ 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ರ‍್ಯಾಪಲ್ ಅನ್ನುವ ಮೀಟರ್ ಇದೆ, ಪರ್ಫ್ ಅದನ್ನೇ ಓದಿ ಜೂಲ್‌ನಲ್ಲಿ ಹೇಳುತ್ತದೆ. ಸುಡೋ (ನಿರ್ವಾಹಕನ ಅನುಮತಿ) ಬೇಕು. ಬ್ರೌಸರ್ ಮುಚ್ಚಿಡಿ, ಯಾಕೆಂದರೆ ಅದು ಇಡೀ ಚಿಪ್‌ನ ಲೆಕ್ಕ, ನಿಮ್ಮ ಪ್ರೋಗ್ರಾಂನದ್ದು ಮಾತ್ರ ಅಲ್ಲ. ಸರಿಪಡಿಸಿದ ಪ್ರೋಗ್ರಾಂ ಬೇಗ ಮುಗಿದದ್ದಲ್ಲದೆ ಜೂಲ್ ಕೂಡ ಕಡಿಮೆ ತಿಂದಿತ್ತು. ಟರ್ಬೊ, ಅಂದರೆ ಚಿಪ್ ತಾನಾಗಿ ವೇಗ ಏರಿಸಿಕೊಳ್ಳುವುದನ್ನು, ಆಫ್ ಮಾಡಿದೆ, ಸಮಯ ಸ್ವಲ್ಪ ಜಾಸ್ತಿಯಾಯಿತು, ಜೂಲ್ ಇನ್ನೂ ಇಳಿಯಿತು. ವೇಗ ಇಳಿದಾಗ ವೋಲ್ಟೇಜ್ ಕೂಡ ಇಳಿಯುತ್ತದೆ. ಪವರ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ನಮ್ಮ ಆಫೀಸಿನ ಹೊಸ ಹುಡುಗನೊಬ್ಬ ಮೊನ್ನೆ ಎಲ್ಲಿಂದ ಶುರು ಮಾಡಲಿ ಸಾರ್ ಅಂದ. ಎರಡು ವಾರ ಪರ್ಫ್ ಜೊತೆ ಒದ್ದಾಡು, ಆಮೇಲೆ ಮುತ್ಲು ಪಾಠ, ಪಕ್ಕದಲ್ಲಿ ಪುಸ್ತಕ ಇರಲಿ ಅಂದೆ. ಜೆಮ್5 ಯಾವಾಗ ಅಂದ. ನಿನ್ನ ಲ್ಯಾಪ್‌ಟಾಪ್‌ಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಹುಟ್ಟಿದ ದಿನ ಅಂದೆ, ಮತ್ತೆ 16 ಜಿಬಿ ರ‍್ಯಾಮ್ ಹಾಕಿಸಿಕೋ ಮಾರಾಯ.