ಓಟಿಸ್ ರೆಡಿಂಗ್ ಗರಡಿಯ ಮೂರು ರಾಕ್ ಆಲ್ಬಂಗಳು: ನಾನು ‘ಹೈವೇ’ ಪಕ್ಷ

ಫ್ರೀ ಬ್ಯಾಂಡಿನ ‘ಹೈವೇ’ ಅಂದರೆ ಹಳೇ ರಾಕ್ ಕೇಳುವ ಗೆಳೆಯರೂ ಒಂದು ಕ್ಷಣ ಯೋಚಿಸುತ್ತಾರೆ. ‘ಆಲ್ ರೈಟ್ ನೌ’ ಹಾಡು ಇರುವ ಆಲ್ಬಂ ತಾನೇ ಎಂದು ಕೇಳುತ್ತಾರೆ. ಆ ಹಾಡಿರುವುದು 1970ರ ಜೂನ್‌ನಲ್ಲಿ ಬಂದ ‘ಫೈರ್ ಅಂಡ್ ವಾಟರ್’ನಲ್ಲಿ. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು 2ನೇ ಸ್ಥಾನದವರೆಗೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ‘ಹೈವೇ’ 41ಕ್ಕೇ ನಿಂತಿತು. ಮರುವರ್ಷ ಬ್ಯಾಂಡೂ ಒಡೆಯಿತು. ನನ್ನ ಮನೆಯಲ್ಲಿ ಅತಿ ಹೆಚ್ಚು ತಿರುಗುವ ತಟ್ಟೆ ಈ ಸೋತ ಆಲ್ಬಂನದ್ದು.

ಈಚೆಗೆ ಅದರ ಪಕ್ಕಕ್ಕೆ ಇನ್ನೆರಡನ್ನು ಕೊಂಡು ತಂದೆ. ಒಂದು, ಹಂಬಲ್ ಪೈ ಬ್ಯಾಂಡಿನ ‘ಈಟ್ ಇಟ್’, 1973ರ ಜೋಡಿ ಎಲ್‌ಪಿ (ಎರಡು ತಟ್ಟೆ, ನಾಲ್ಕು ಬದಿ). ಇನ್ನೊಂದು, ಎಡ್ಡಿ ಹಿಂಟನ್ ಅವರ ‘ವೆರಿ ಎಕ್ಸ್‌ಟ್ರೀಮ್ಲಿ ಡೇಂಜರಸ್’, 1978ರದ್ದು. ಮೂರನ್ನೂ ಒಟ್ಟಿಗೆ ಕೇಳಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಮೂರರಲ್ಲೂ ಹಾಡಿದವರು ಬಿಳಿಯರು. ಮೂವರೂ ಗಂಟಲು ಪಳಗಿಸಿಕೊಂಡದ್ದು ಅಮೆರಿಕದ ಕಪ್ಪು ಗಾಯಕ, ಸೋಲ್ (ಕಪ್ಪು ಅಮೆರಿಕನ್ನರ ಭಾವ ತುಂಬಿದ ಹಾಡಿನ ಶೈಲಿ) ಸಂಗೀತದ ಓಟಿಸ್ ರೆಡಿಂಗ್ ಅವರನ್ನು ಕೇಳಿ ಕೇಳಿ. ಓಟಿಸ್ 1967ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 26 ವರ್ಷ. ಅದಾದ ಮೇಲೂ ಎಷ್ಟೋ ರಾಕ್ ಗಾಯಕರು ಆ ದನಿಯ ಬೆನ್ನು ಬಿಡಲಿಲ್ಲ. ಆ ದನಿಯಿಂದ ಯಾರು ಏನನ್ನು ಕಲಿತರು ಎನ್ನುವುದು ಈ ಮೂರು ಆಲ್ಬಂಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ಅಭ್ಯಾಸವನ್ನೂ ಮೊದಲೇ ಹೇಳಿಬಿಡುತ್ತೇನೆ, ತೀರ್ಪಿನ ಅರ್ಧ ಭಾಗ ಅದರಲ್ಲೇ ಇದೆ. ನಾನು ಹಾಡು ಕೇಳಲು ಕೂರುವುದು ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ ನಂತರ, ನಡುಮನೆಯಲ್ಲಿ. ವಾಲ್ಯೂಮ್ ಕಾಲು ಭಾಗ ದಾಟಿಸುವ ಹಾಗಿಲ್ಲ. ಹೆಡ್‌ಫೋನ್ ನನಗೆ ಒಗ್ಗುವುದಿಲ್ಲ. ತಿಂಗಳಿಗೆ ಒಂದು ರೆಕಾರ್ಡು, ಎರಡು ಸಾವಿರ ರೂಪಾಯಿ ಒಳಗೆ ಎಂದು ಮನೆಯಲ್ಲಿ ಒಪ್ಪಂದ.

‘ಈಟ್ ಇಟ್’ ಮೇಲೆ ನನಗೆ ತುಂಬ ಆಸೆ ಇತ್ತು. ಹಂಬಲ್ ಪೈ ಗಾಯಕ ಸ್ಟೀವ್ ಮ್ಯಾರಿಯಟ್ ದನಿ ಎಂಥದ್ದೆಂದು ಅವರ ಹಿಂದಿನ ಬ್ಯಾಂಡು ಸ್ಮಾಲ್ ಫೇಸಸ್ ಕಾಲದಿಂದ ಕೇಳಿದವರಿಗೆಲ್ಲ ಗೊತ್ತು. ಜೊತೆಗೆ ಬ್ಲ್ಯಾಕ್‌ಬೆರೀಸ್ ಎಂಬ ಹೆಸರಿನಲ್ಲಿ ವೆನೆಟ್ಟಾ ಫೀಲ್ಡ್ಸ್, ಕ್ಲೈಡಿ ಕಿಂಗ್, ಬಿಲ್ಲಿ ಬಾರ್ನಮ್ ಎಂಬ ಮೂವರು ಕಪ್ಪು ಗಾಯಕಿಯರು. ವೆನೆಟ್ಟಾ ಹಿಂದೆ ಐಕ್ ಮತ್ತು ಟೀನಾ ಟರ್ನರ್ ಜೊತೆ ಐಕೆಟ್ (ಅವರ ಕೋರಸ್ ಗಾಯಕಿ) ಆಗಿದ್ದವರು, ಮುಂದೆ ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ನಲ್ಲೂ ಹಾಡಿದವರು. ನಾಲ್ಕು ಬದಿಗಳಲ್ಲಿ ಒಂದಿಡೀ ಬದಿ ಸೋಲ್ ಹಾಡುಗಳಿಗೇ ಮೀಸಲು: ಟೀನಾ ಹಾಡಿದ್ದ ‘ಬ್ಲ್ಯಾಕ್ ಕಾಫಿ’, ರೇ ಚಾರ್ಲ್ಸ್‌ರ ‘ಐ ಬಿಲೀವ್ ಟು ಮೈ ಸೋಲ್’, ಓಟಿಸ್ ಹಾಡಿದ್ದ ‘ದಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್’. ಹಾಡುಗಳ ಹೆಸರು ಓದಿಯೇ ಬಾಯಲ್ಲಿ ನೀರೂರುತ್ತದೆ.

ಆದರೆ ರೆಕಾರ್ಡಿಂಗ್! ಮ್ಯಾರಿಯಟ್ ಇಂಗ್ಲೆಂಡಿನ ಎಸೆಕ್ಸ್ ಹಳ್ಳಿಗಾಡಿನ ತಮ್ಮ ಮನೆಯಲ್ಲೇ ಸ್ಟುಡಿಯೋ ಕಟ್ಟಿಸಿಕೊಂಡು ಅಲ್ಲೇ ಇದನ್ನು ಮಾಡಿದರು. ಕೊನೆಯ ಬದಿ ಮಾತ್ರ ಗ್ಲಾಸ್ಗೋ ನಗರದ ಲೈವ್ ಕಾರ್ಯಕ್ರಮದ್ದು. ಮನೆಯಲ್ಲಿ ಮುದ್ರಿಸಿದ ಬದಿಗಳಲ್ಲಿ ಬೇಸ್ ಗಿಟಾರು, ಕಿಕ್ ಡ್ರಮ್ಮು, ಪಿಯಾನೋದ ಎಡಗೈ ಮೂರೂ ಒಂದೇ ಜಾಗಕ್ಕೆ ನುಗ್ಗಿ ಕೂತಿವೆ. ಸಿಂಬಲ್‌ಗೆ ಹೊಳಪಿಲ್ಲ. ಆ ಮೂವರು ಹೆಂಗಸರ ದನಿಯಂತೂ ಮದುವೆ ಛತ್ರದ ಬಾಗಿಲು ಹಾಕಿ ಹೊರಗಿನಿಂದ ಓಲಗ ಕೇಳಿದ ಹಾಗೆ. ಇದ್ದಾರೆ ಅಂತ ಗೊತ್ತಾಗುತ್ತದೆ, ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಸೆಕೆಂಡ್‌ಹ್ಯಾಂಡ್ ತಟ್ಟೆಯದೇ ದೋಷ ಇರಬಹುದು ಎಂದು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ನೆರಳಲ್ಲಿ ಆರಿಸಿ ಮತ್ತೆ ಹಾಕಿದೆ. ಚಟಪಟ ಸದ್ದು ಕಡಿಮೆಯಾಯಿತು, ಮಬ್ಬು ಹಾಗೇ ಇತ್ತು. ಸೂಜಿಯ ಭಾರ ಅಳೆದು ನೋಡಿದೆ, ಸರಿಯಾಗಿಯೇ ಇತ್ತು. ಗೆಳೆಯರೊಬ್ಬರ ಹತ್ತಿರ ಸಿಡಿ ಇತ್ತು, ತಂದು ಕೇಳಿದೆ. ಅದರಲ್ಲೂ ಅದೇ ಮಬ್ಬು. ಟ್ರೆಬಲ್ ಏರಿಸಿದರೆ ಮ್ಯಾರಿಯಟ್ ಉಚ್ಚರಿಸುವ ಸಕಾರ ಕಿವಿಗೆ ಚುಚ್ಚುತ್ತದೆ. ಬೇಸ್ ಇಳಿಸಿದರೆ ತಾಳದ ಕಸುವೇ ಹೋಗುತ್ತದೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಜೋರಾಗಿ ಹಾಕಿದೆ. ಆಗ ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು, ಕೋಣೆ ತುಂಬಿತು, ಕೂತಲ್ಲೇ ಕಾಲು ಕುಣಿಯಿತು. ರಾತ್ರಿಯ ವಾಲ್ಯೂಮ್‌ಗೆ ಇಳಿಸಿದ ಕೂಡಲೇ ಮತ್ತೆ ಗಂಜಿ. ನನಗೆ ಅಂಥ ಮಧ್ಯಾಹ್ನಗಳು ಸಿಗುವುದು ಅಪರೂಪ.

ಇದು ಬರೀ ಸದ್ದಿನ ದೂರಲ್ಲ. ‘ದಟ್ಸ್ ಹೌ ಸ್ಟ್ರಾಂಗ್’ ಹಾಡನ್ನು ಓಟಿಸ್ ಹಾಡಿದ್ದನ್ನು ಕೇಳಿ. ಓಟಿಸ್ ಹಾಡುತ್ತಿದ್ದ ಸ್ಟ್ಯಾಕ್ಸ್ ಸ್ಟುಡಿಯೋದ ವಾದ್ಯ ತಂಡ ಎಷ್ಟು ಬೇಕೋ ಅಷ್ಟೇ ನುಡಿಸುತ್ತದೆ, ಓಟಿಸ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಮ್ಯಾರಿಯಟ್ ಆರಂಭದಲ್ಲೇ ತುತ್ತತುದಿಯಲ್ಲಿ ನಿಂತಿರುತ್ತಾರೆ. ಅಷ್ಟು ದೊಡ್ಡ ಗಂಟಲು, ಅಷ್ಟೂ ಪ್ರೀತಿ, ಎಲ್ಲವನ್ನೂ ಒಮ್ಮೆಗೇ ಸುರಿದುಬಿಡುತ್ತಾರೆ. ಬ್ಲ್ಯಾಕ್‌ಬೆರೀಸ್ ನಿಜವಾಗಿ ಏನು ಮಾಡಬಲ್ಲರೆಂದು ತಿಳಿಯಬೇಕಾದರೆ 1973ರಲ್ಲಿ ಬಿಬಿಸಿಯ ‘ಓಲ್ಡ್ ಗ್ರೇ ವಿಸಲ್ ಟೆಸ್ಟ್’ನಲ್ಲಿ ಇದೇ ‘ಬ್ಲ್ಯಾಕ್ ಕಾಫಿ’ ಹಾಡಿದ್ದನ್ನು ನೋಡಿ. ನನ್ನ ಮಟ್ಟಿಗೆ ಇಡೀ ಜೋಡಿ ಎಲ್‌ಪಿಗಿಂತ ಆ ಒಂದು ವಿಡಿಯೋ ಮೇಲು.

ಎಡ್ಡಿ ಹಿಂಟನ್ ಹೆಸರು ಕೇಳದವರೂ ಅವರ ಗಿಟಾರು ಕೇಳಿರುತ್ತಾರೆ. ಸ್ಟೇಪಲ್ ಸಿಂಗರ್ಸ್ ಹಾಡಿದ ‘ಐ’ಲ್ ಟೇಕ್ ಯು ದೇರ್’ನಲ್ಲಿ ಬರುವ ಗಿಟಾರು ಅವರದ್ದು. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ ‘ಬ್ರೇಕ್‌ಫಾಸ್ಟ್ ಇನ್ ಬೆಡ್’ ಬರೆದ ಇಬ್ಬರಲ್ಲಿ ಒಬ್ಬರು ಕೂಡ. ಅಮೆರಿಕದ ಅಲಬಾಮಾದ ಮಸಲ್ ಶೋಲ್ಸ್ ಊರಿನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ವರ್ಷಾನುಗಟ್ಟಲೆ ನುಡಿಸಿ, ಕೊನೆಗೆ 1978ರಲ್ಲಿ ತಮ್ಮ ಹೆಸರಿನಲ್ಲಿ ಈ ಆಲ್ಬಂ ತಂದರು. ನಿರ್ಮಾಪಕ ಬ್ಯಾರಿ ಬೆಕೆಟ್. ಡ್ರಮ್ಸ್‌ಗೆ ರೋಜರ್ ಹಾಕಿನ್ಸ್, ಬೇಸ್‌ಗೆ ಡೇವಿಡ್ ಹುಡ್. ಅಂಥ ತಂಡ ಇದ್ದ ಮೇಲೆ ಸದ್ದಿನ ಬಗ್ಗೆ ಹೇಳುವುದೇನೂ ಉಳಿಯುವುದಿಲ್ಲ, ಗಾಜಿನಷ್ಟು ತಿಳಿ. ಪ್ರಕಟಿಸಿದ್ದು ಜಾರ್ಜಿಯಾದ ಮೇಕನ್ ಊರಿನ ಕ್ಯಾಪ್ರಿಕಾರ್ನ್ ಎಂಬ ರೆಕಾರ್ಡ್ ಕಂಪನಿ. ಅದನ್ನು ಕಟ್ಟಿದ ಫಿಲ್ ವಾಲ್ಡನ್ ಹಿಂದೆ ಓಟಿಸ್‌ರ ಮ್ಯಾನೇಜರ್ ಆಗಿದ್ದವರು. ಆಲ್ಬಂ ಹೊರಬಂದ ಮರುವರ್ಷವೇ ಕಂಪನಿ ದಿವಾಳಿಯಾಯಿತು. ಹಿಂಟನ್ 1995ರಲ್ಲಿ ತೀರಿಕೊಂಡರು.

ದನಿ ಮಾತ್ರ ಅಚ್ಚು ಓಟಿಸ್. ಓಟಿಸ್ ಅವರ ಮೊದಮೊದಲ ಹಾಡು ‘ಶೌಟ್ ಬಮಲಾಮಾ’ವನ್ನೇ ಇಲ್ಲಿ ಹಾಡಿದ್ದಾರೆ. ಕಣ್ಣು ಮುಚ್ಚಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ‘ಐ ಗಾಟ್ ದ ಫೀಲಿಂಗ್’, ‘ಯಾ ಮ್ಯಾನ್’ ಎರಡನ್ನೂ ನಾನು ಯಾರಿಗೆ ಬೇಕಾದರೂ ಕೇಳಿಸಬಲ್ಲೆ. ನನಗಿರುವ ತೊಡಕು ಒಂದೇ: ಹತ್ತು ಹಾಡುಗಳಲ್ಲೂ ಗಂಟಲು ಅದೇ ಬಿಗುವಿನಲ್ಲಿರುತ್ತದೆ. ನಾಲ್ಕು ಹಾಡಾದ ಮೇಲೆ ನನಗೆ ಬಿಡುವು ಬೇಕೆನ್ನಿಸುತ್ತದೆ. ಹಳೆಯ ಎಲ್‌ಪಿ ನನ್ನ ಜೇಬಿಗೆ ನಿಲುಕುವಂಥದ್ದಲ್ಲ, ಸಿಡಿಯಲ್ಲೇ ತೃಪ್ತಿ.

ಈಗ ‘ಹೈವೇ’. ಇದರಲ್ಲಿ ಓಟಿಸ್‌ರ ಒಂದು ಹಾಡೂ ಇಲ್ಲ. ಹಾರ್ನ್ಸ್ (ಟ್ರಂಪೆಟ್, ಸ್ಯಾಕ್ಸೊಫೋನ್‌ನಂಥ ಊದುವ ವಾದ್ಯ) ಇಲ್ಲ, ಕೋರಸ್ ಹುಡುಗಿಯರಿಲ್ಲ. ಇಂಗ್ಲೆಂಡಿನ ನಾಲ್ಕು ಹುಡುಗರು, ರೆಕಾರ್ಡ್ ಮಾಡುವಾಗ ಯಾರಿಗೂ 22 ತುಂಬಿರಲಿಲ್ಲ. ಬೇಸ್ ನುಡಿಸುವ ಆಂಡಿ ಫ್ರೇಸರ್‌ಗೆ 18. ಆದರೂ ಮೂರರಲ್ಲಿ ಓಟಿಸ್‌ಗೆ ಅತಿ ಹತ್ತಿರ ಇರುವುದು ಇದೇ ಆಲ್ಬಂ ಎಂದು ನನ್ನ ಗಟ್ಟಿ ನಂಬಿಕೆ. ಮ್ಯಾರಿಯಟ್ ಆ ದನಿಯ ಬಿಸಿಯನ್ನು ಹಿಡಿದರು, ಹಿಂಟನ್ ಅದರ ಗೊಗ್ಗರನ್ನು ಹಿಡಿದರು. ಫ್ರೀ ಹಿಡಿದದ್ದು ಸುಮ್ಮನಿರುವ ಜಾಗಗಳನ್ನು.

ಫ್ರೇಸರ್ ಯಾವಾಗ ನುಡಿಸಬಾರದು ಎಂದು ಗೊತ್ತಿದ್ದ ಬೇಸ್ ವಾದಕ. ‘ಆಲ್ ರೈಟ್ ನೌ’ ಚರಣಗಳಲ್ಲೇ ಬೇಸ್ ಇಲ್ಲ, ಗಮನವಿಟ್ಟು ಕೇಳಿ ನೋಡಿ. ಪಲ್ಲವಿಗೆ ಬಂದಾಗಲೇ ಅದು ಒಳಗೆ ಬರುವುದು. ‘ಹೈವೇ’ ತುಂಬ ಈ ಬುದ್ಧಿವಂತಿಕೆ ಇದೆ. ಪಾಲ್ ಕಾಸಾಫ್ ಗಿಟಾರಿನಲ್ಲಿ ಸ್ವರಗಳ ಮಳೆಗರೆಯುವುದಿಲ್ಲ. ಒಂದು ಸ್ವರ ಹಿಡಿದು, ತಂತಿಯನ್ನು ಬೆರಳಲ್ಲೇ ಅಲುಗಿಸುತ್ತ, ಅದು ತಾನಾಗಿ ಆರುವ ತನಕ ಬಿಡುತ್ತಾರೆ. ಗಮಕಕ್ಕೆ ಪಳಗಿದ ನಮ್ಮ ಕಿವಿಗೆ ಇದು ಬೇಗ ಹಿಡಿಸುತ್ತದೆ. ಸೈಮನ್ ಕರ್ಕ್ ಡ್ರಮ್ಸ್‌ನಲ್ಲಿ ಒಂದು ಪೆಟ್ಟೂ ಹೆಚ್ಚಿಲ್ಲ.

ಮೊದಲ ಬದಿಯ ಕೊನೆಗೆ ಬರುವ ‘ಬಿ ಮೈ ಫ್ರೆಂಡ್’ ಒಂದಕ್ಕಾಗಿಯೇ ಈ ತಟ್ಟೆ ಕೊಳ್ಳಬಹುದು. ಫ್ರೀ ಗಾಯಕ ಪಾಲ್ ರಾಡ್ಜರ್ಸ್ ಅದರಲ್ಲಿ ಗೆಳೆತನ ಬೇಡುತ್ತಾರೆ, ಅಷ್ಟೇ. ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ಆ ತೆರಪಿನಲ್ಲಿ ಸಿಂಬಲ್ಲಿನ ಉಳಿದ ಸದ್ದು ಕೇಳುತ್ತದೆ, ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳಲು ಸಮಯ ಸಿಗುತ್ತದೆ, ಕೇಳುವವರಿಗೂ. ದನಿ ಏರಬೇಕಾದಾಗ ಏರುತ್ತದೆ. ಅಲ್ಲಿಯವರೆಗೆ ಕಾಯ್ದುಕೊಂಡಿದ್ದರಿಂದ ಆ ಏರು ಎದೆಗೆ ತಾಕುತ್ತದೆ. ‘ಈಟ್ ಇಟ್’ನಲ್ಲಿ ಓಟಿಸ್ ಹಾಡನ್ನೇ ಹಾಡಿದರೂ ಸಿಗದೆ ಹೋದದ್ದು ಇದು.

ತೆರಪು ಇರುವುದರಿಂದಲೇ ಸಣ್ಣ ವಾಲ್ಯೂಮ್‌ನಲ್ಲೂ ಏನೂ ಕಳೆದುಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ, ಫ್ಯಾನ್ ತಿರುಗುತ್ತಿದ್ದರೂ, ‘ದ ಸ್ಟೀಲರ್’ನ ಬೇಸ್ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ‘ಸನ್ನಿ ಡೇ’, ‘ಬೋಡಿ’ ಎರಡೂ ಸಾಧಾರಣ. ಹೊದಿಕೆಯ ಚಿತ್ರ ನನಗೆ ಹಿಡಿಸಿಲ್ಲ.

ರಾಬರ್ಟ್ ಪಾಮರ್ ಅವರ 1974ರ ‘ಸ್ನೀಕಿನ್ ಸ್ಯಾಲಿ ಥ್ರೂ ದ ಆಲಿ’ಯನ್ನೂ ಇದೇ ಹೊತ್ತಿಗೆ ಕೇಳಿದೆ. ನ್ಯೂ ಆರ್ಲಿಯನ್ಸ್‌ನ ಮೀಟರ್ಸ್ ತಂಡ ನುಡಿಸಿದೆ, ಮೊದಲ ಮೂರು ಹಾಡುಗಳು ಒಂದಕ್ಕೊಂದು ಬೆಸೆದುಕೊಂಡು ಹರಿಯುವುದು ಸೊಗಸು. ಬ್ಲೂಸ್ (ಕಪ್ಪು ಅಮೆರಿಕನ್ನರ ನೋವಿನ ಹಾಡಿನ ಶೈಲಿ) ಅದರಲ್ಲಿ ಕಡಿಮೆ, ಹಾಗಾಗಿ ಈ ಪಂದ್ಯಕ್ಕೆ ಸೇರಿಸಲಿಲ್ಲ.

ಮನೆಯಲ್ಲಿ ದೊಡ್ಡ ಸ್ಪೀಕರ್ ಇದ್ದು, ಅಕ್ಕಪಕ್ಕದವರ ಭಯವಿಲ್ಲದವರು ‘ಈಟ್ ಇಟ್’ ಕೊಳ್ಳಿ, ನಿಮಗೆ ಅದು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ನನ್ನದನ್ನು ಮಾರಲು ಇಟ್ಟಿದ್ದೇನೆ. ಹಿಂಟನ್ ಸಿಡಿ ಕಾರಿನಲ್ಲಿ ಉಳಿದಿದೆ, ನಾಲ್ಕು ನಾಲ್ಕು ಹಾಡಿನಂತೆ ಕೇಳಲು ಆ ಜಾಗವೇ ಸರಿ. ‘ಹೈವೇ’ ಎಲ್‌ಪಿ ಸಿಗದಿದ್ದರೆ ಮರುಮಾಸ್ಟರ್ ಆದ (ಹಳೆಯ ಟೇಪಿನಿಂದ ಸದ್ದು ಮತ್ತೆ ಹದ ಮಾಡಿದ) ಸಿಡಿ ಹುಡುಕಿ, ಅದರ ಕೊನೆಗೆ 1971ರ ಸಿಂಗಲ್ ‘ಮೈ ಬ್ರದರ್ ಜೇಕ್’ ಕೂಡ ಸೇರಿದೆ. ‘ಈಟ್ ಇಟ್’ ಮಾರಿ ಬಂದ ಹಣಕ್ಕೆ ಗ್ಲಾಸ್ಗೋದ ಫ್ರಾಂಕಿ ಮಿಲ್ಲರ್ ಅವರ ‘ಹೈ ಲೈಫ್’ ತರಿಸಬೇಕೆಂದಿದ್ದೇನೆ. ಅದು 1974ರದ್ದು, ನಿರ್ಮಾಪಕ ಅಲೆನ್ ಟೂಸಾಂಟ್.