‘ವೇಕ್ ಅಪ್’ಗೆ ಸ್ಪ್ಯಾನಿಶ್ ಪದ: ರಿಯಾಲ್ ಅಕಾದೆಮಿಯಾ ನಿಘಂಟು ಎಷ್ಟು ನೆರವಾಗುತ್ತದೆ?

ಸ್ಪೇನಿನ ಭಾಷಾ ಅಕಾಡೆಮಿಯಾದ ರಿಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾದ ಆನ್‌ಲೈನ್ ನಿಘಂಟು ಉಚಿತ. 2014ರ 23ನೇ ಆವೃತ್ತಿ ಅದರ ತಳಹದಿ. ಎಲ್ಲವೂ ಸ್ಪ್ಯಾನಿಶ್‌ನಲ್ಲೇ ಇರುವುದರಿಂದ ‘ವೇಕ್ ಅಪ್’ ಎಂದು ಹುಡುಕಿ ಪ್ರಯೋಜನವಿಲ್ಲ. ದ್ವಿಭಾಷಾ ನಿಘಂಟಿನಲ್ಲಿ ‘ದೆಸ್ಪೆರ್ತಾರ್’ ಕ್ರಿಯಾಪದವನ್ನು ಹಿಡಿದುಕೊಂಡೇ ಇಲ್ಲಿಗೆ ಬರಬೇಕು.

ಬಂದವರಿಗೆ ನಿರಾಸೆಯಿಲ್ಲ. ಮಲಗಿದವರನ್ನು ಎಬ್ಬಿಸಿದರೆ ‘ದೆಸ್ಪೆರ್ತಾರ್’, ತನಗೆ ಎಚ್ಚರವಾದರೆ ಸಾಮಾನ್ಯವಾಗಿ ‘ದೆಸ್ಪೆರ್ತಾರ್‌ಸೆ’, ಹಾಸಿಗೆ ಬಿಟ್ಟು ಎದ್ದರೆ ‘ಲೆವಾಂತಾರ್‌ಸೆ’. ‘ಎಚ್ಚರವಾಯಿತು’, ‘ಎದ್ದೆ’ ಎಂಬ ಭೇದ ಕನ್ನಡದಲ್ಲೂ ಇದೆಯಲ್ಲ. ಇಂಗ್ಲಿಷ್ ಬದಿಗಿಟ್ಟು ಕನ್ನಡದಿಂದಲೇ ಯೋಚಿಸುವುದು ಲೇಸು. ಆರಕ್ಕೆ ಎಚ್ಚರ, ಆರೂವರೆಗೆ ಏಳುವುದು: ‘ಮೆ ದೆಸ್ಪಿಯೆರ್ತೊ ಆ ಲಾಸ್ ಸೇಯ್ಸ್, ಮೆ ಲೆವಾಂತೊ ಆ ಲಾಸ್ ಸೇಯ್ಸ್ ಇ ಮೇದಿಯಾ’.

ಕ್ರಿಯಾರೂಪಗಳ ಪಟ್ಟಿಯೇ ಇದರ ದೊಡ್ಡ ಬಲ. ವರ್ತಮಾನದಲ್ಲಿ ಒತ್ತು ಬಿದ್ದಲ್ಲಿ ‘ಎ’ ಸ್ವರ ‘ಇಯೆ’ ಆಗುತ್ತದೆ. ‘ನಾವು’ ರೂಪದಲ್ಲಿ ಒತ್ತು ಮುಂದಕ್ಕೆ ಸರಿಯುವುದರಿಂದ ‘ದೆಸ್ಪೆರ್ತಾಮೋಸ್’ ಹಾಗೇ ಉಳಿಯುತ್ತದೆ. ಎಚ್ಚರವಾಗಿರುವ ಸ್ಥಿತಿಗೆ ‘ಎಸ್ತಾರ್ ದೆಸ್ಪಿಯೆರ್ತೊ’. ಅಲ್ಲಿ ಭೂತ ಕೃದಂತವಾದ ‘ದೆಸ್ಪೆರ್ತಾದೊ’ ಬಳಸಿದರೆ ತಪ್ಪು.

ಕೊರತೆಯೆಂದರೆ ಉದಾಹರಣೆ ವಾಕ್ಯಗಳು ಕಡಿಮೆ. ವ್ಯಕ್ತಿಯನ್ನು ಎಬ್ಬಿಸುವಾಗ ಕರ್ಮದ ಮುಂದೆ ‘ಆ’ ಎಂಬ ಸ್ಪ್ಯಾನಿಶ್ ಪದ ಬೇಕು: ‘ದೆಸ್ಪಿಯೆರ್ತೊ ಆ ಮಿ ಎರ್ಮಾನೊ’ (ನನ್ನ ಸಹೋದರನನ್ನು ಎಬ್ಬಿಸುತ್ತೇನೆ). ಕಲಿಯುವವರು ಅದನ್ನು ಬಿಡುವುದೇ ಹೆಚ್ಚು, ಅರ್ಥವಿವರಣೆಯಷ್ಟೇ ಓದಿದರೆ ಅದು ಕಣ್ಣಿಗೆ ಬೀಳುವುದಿಲ್ಲ.