17 ಕಂಬಿಯ ಅಬ್ಯಾಕಸ್: ಐದು ತಿಂಗಳು ಬಳಸಿದ ಮೇಲೆ

ಕಲಬುರಗಿಯ ಶಹಾಬಜಾರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಮಗಳಿಗೆ ಅಂತ ಸೂಪರ್ ಮಾರ್ಕೆಟ್ ಕಡೆ 350 ರೂಪಾಯಿಗೆ, ಮಣಿ ಸರಿಸಿ ಲೆಕ್ಕ ಮಾಡುವ ಈ ಅಬ್ಯಾಕಸ್ ತಂದೆ. ಈಗ ಜಾಸ್ತಿ ಬಳಸೋದು ನಾನೇ.

ಇದು ಜಪಾನಿ ಮಾದರಿ. ಪ್ರತಿ ಕಂಬಿಯಲ್ಲಿ ಮೇಲೆ ಒಂದು ಮಣಿ, ಅದರ ಬೆಲೆ 5. ಕೆಳಗೆ ನಾಲ್ಕು, ಒಂದೊಂದಕ್ಕೆ 1. 7 ಬೇಕಾದ್ರೆ ತೋರುಬೆರಳಿನಿಂದ ಮೇಲಿನದನ್ನು ಇಳಿಸಿ, ಹೆಬ್ಬೆರಳಿನಿಂದ ಕೆಳಗಿನ ಎರಡನ್ನು ಏರಿಸಬೇಕು. ಅದಕ್ಕೆ 8 ಕೂಡಿಸಲು ಆ ಕಂಬಿಯಲ್ಲಿ ಜಾಗ ಇಲ್ಲ. ಆಗ 2 ಕಳೆದು, ಎಡಗಡೆ ಕಂಬಿಯಲ್ಲಿ ಒಂದು ಮಣಿ ಏರಿಸೋದು; ಅಲ್ಲಿ ಆ ಮಣಿಯ ಬೆಲೆ 10. ಮೊದಲ ತಿಂಗಳೆಲ್ಲ ಇಲ್ಲೇ ತಡವರಿಸುತ್ತಿದ್ದೆ.

ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು 20 ನಿಮಿಷ ಕೂರುತ್ತೇನೆ. ತಂಗಿ ಮದುವೆಯಲ್ಲಿ ನಾಲ್ಕು ದಿನ ತಪ್ಪಿತು. ಐದನೇ ದಿನ ಬೆರಳು ನಿಧಾನವಾಗಿದ್ದು ಚೆನ್ನಾಗಿ ಗೊತ್ತಾಯ್ತು. ಮೂರನೇ ತಿಂಗಳಿಗೆ ಮಣಿ ಮುಟ್ಟದೆ, ಸುಮ್ನೆ ಕಣ್ಮುಂದೆ ತಂದುಕೊಂಡೇ ಕೂಡಿಸಲು ಬಂತು. ಮೊನ್ನೆ ಅಜ್ಜಿಯೊಬ್ಬರು ತೊಗರಿಬೇಳೆ, ಬೆಲ್ಲ, ಶೇಂಗಾ ಅಂತ ಒಂಬತ್ತು ಸಾಮಾನು ತಗೊಂಡರು. ಕ್ಯಾಲ್ಕುಲೇಟರ್ ಮುಟ್ಟದೆ 638 ಅಂದೆ. ಅವರು ಬೆರಳಲ್ಲಿ ಎಣಿಸಿ, "ಬರೋಬ್ಬರಿ ಅದ ನೋಡಪಾ" ಅಂದರು. ಅವತ್ತಿಡೀ ಖುಷಿ.

ಬಲತುದಿಯ ಎರಡು ಕಂಬಿಗಳ ಮಣಿ ಬಿಗಿಯಾಗಿವೆ. ಜೊತೆಗೆ ಬಂದ ಪುಸ್ತಕ ಬರೀ ಇಂಗ್ಲಿಷ್. ಕನ್ನಡದಲ್ಲಿ ನಾಲ್ಕು ಹಾಳೆ ಕೊಟ್ಟಿದ್ದರೂ ಎಷ್ಟೋ ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದರು, ಅಲ್ವಾ?

ಗುಣಾಕಾರ ಈ ವಾರ ಶುರು ಮಾಡಿದ್ದೇನೆ.